ಕೂತವರ ಮಾತು ಕೂತಲ್ಲಿಗೇ

ಕೆಲಸ ಮುಗಿಸಿ, ಸಹೋದ್ಯೋಗಿಯ ಹೆಗಲ ಮೇಲೆ ಕೈಯಿಟ್ಟು, ಹೊಟೇಲಿನಲ್ಲಿ ಒಂದು ಲೋಟ ಚಾ ಕುಡಿದು ಮನೆ ಸೇರುವ ಮಹನೀಯರೇ, ಆ ಚಾದೊಂದಿಗೆ ನೀವು ನುಂಗಿಬಿಟ್ಟ ಮಾತು ಯಾರ ಪಾಲಿನದಾಗಿತ್ತೆಂದು ಎಂದಾದರೂ ನಿಮ್ಮನ್ನು ನೀವು ಕೇಳಿಕೊಂಡದ್ದುಂಟೇ? ಕೇಳಿಕೊಂಡಿರಲಾರಿರಿ. ಕಳವು ಮಾಡಿದವನಿಗೆ ಕಳವಿನ ನೆನಪು ಉಳಿಯುತ್ತದೆ. ಹೇಳಬೇಕಾದುದನ್ನು ಹೇಳದೆ ಉಳಿದವನಿಗೆ ಏನೂ ನೆನಪಿರುವುದಿಲ್ಲ. ಆದುದರಿಂದಲೇ ಬಂಟ್ವಾಳದ ರಾಜೀವಿ ಟೀಚರ ಮನೆಯಲ್ಲಿ ನಡೆದ ಸಂಗತಿಯನ್ನು ನಿಮ್ಮ ಮುಂದಿಡಬೇಕಾಗಿದೆ.

ಅದು ಸಾವಿರದ ಒಂಬೈನೂರ ಐವತ್ತಮೂರನೆಯ ಇಸವಿಯ ಕೊನೆ. ನಮ್ಮ ಜಿಲ್ಲೆ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ನೇತ್ರಾವತಿಯ ದಡಕ್ಕೆ ಸರಕಿನ ಓಡಗಳು ಬಂದು ತಾಗುವಾಗ ಪೇಟೆಯ ಕೊನೆಯ ಅಂಗಡಿಯವರೆಗೂ ಹುಟ್ಟಿನ ಸದ್ದು ಕೇಳುತ್ತಿತ್ತು. ಆ ಪೇಟೆಯ ಹೆಣ್ಣುಮಕ್ಕಳ ಎಲಿಮೆಂಟರಿ ಶಾಲೆಗೆ ರಾಜೀವಿ ಹೆಡ್‌ಮಿಸ್ಟ್ರೆಸ್. ಐದು ತರಗತಿ, ಮೂವರು ಶಿಕ್ಷಕಿಯರು, ಒಂದು ಉದ್ದನೆಯ ಕೋಣೆ. ಕೋಣೆಯ ಗೋಡೆಯಲ್ಲಿ ಯಾವುದೋ ವರ್ಷದ ನೆರೆನೀರು ಬಿಟ್ಟುಹೋದ ಕೆಂಪು ಗೆರೆಯೊಂದಿತ್ತು. ಎಷ್ಟು ಸಲ ಸುಣ್ಣ ಬಳಿದರೂ ಮತ್ತೆ ಮೂಡುತ್ತಿದ್ದ ಗೆರೆ. ಮಕ್ಕಳು ಅದರ ಪಕ್ಕ ನಿಂತು ಎತ್ತರ ನೋಡಿಕೊಳ್ಳುತ್ತಿದ್ದರು. ತಲೆ ಗೆರೆಯನ್ನು ದಾಟಿದರೆ ಐದನೆಯ ತರಗತಿ ಎಂದು ಅವರವರೇ ಮಾಡಿಕೊಂಡ ನಿಯಮ. ಗೆರೆ ದಾಟಿದ ಮೇಲೆ ಏನು ಎಂಬುದಕ್ಕೆ ಮಾತ್ರ ಆ ಶಾಲೆಯಲ್ಲಿ ಉತ್ತರವಿರಲಿಲ್ಲ. ಆರನೆಯ ತರಗತಿಗೆ ಗಂಡುಮಕ್ಕಳ ಶಾಲೆಗೇ ಹೋಗಬೇಕು. ಹೋಗುವವರು ನೂರಕ್ಕೆ ಹತ್ತು. ಉಳಿದವರು ಒಲೆಯ ಮುಂದೆ.

ಆ ವರ್ಷ ಐದನೆಯ ತರಗತಿಯಲ್ಲಿ ಹನ್ನೊಂದು ಮಂದಿಯಿದ್ದರು. ಅವರಲ್ಲಿ ಒಬ್ಬಳು ರಾಜೀವಿಯ ಸ್ವಂತ ಮಗಳು ಕಾಂತಿ. ಇನ್ನೊಬ್ಬಳು ಬೆಲ್ಲದ ವ್ಯಾಪಾರಿ ಹಾಜಬ್ಬನವರ ಮಗಳು ಜುಲೈಕಾ. ಜುಲೈಕಾ ಬಾಯಿಲೆಕ್ಕದಲ್ಲಿ ಎಂಥವಳೆಂದರೆ, ಟೀಚರು ಲೆಕ್ಕ ಹೇಳಿ ಮುಗಿಸುವ ಮೊದಲೇ ಅವಳ ಉತ್ತರ ಬರುತ್ತಿತ್ತು. ಒಮ್ಮೆ ಪಾಠಪುಸ್ತಕದ ಉತ್ತರವೇ ತಪ್ಪೆಂದು ಹಟಹಿಡಿದು, ಮಣ–ಸೇರುಗಳನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿಯೇಬಿಟ್ಟಳು. ತಪ್ಪು ಪುಸ್ತಕದ್ದೇ ಆಗಿತ್ತು.

ದಶಂಬರದ ಮೊದಲ ವಾರ ಹಾಜಬ್ಬ ಶಾಲೆಯ ಜಗಲಿಯವರೆಗೆ ಬಂದು, ಕೊಡೆಯನ್ನು ಮಡಚಿ ನಿಂತರು.

“ಟೀಚರೇ, ಒಂದು ಮಾತು ಕೇಳ್ಲಿಕ್ಕೆ ಬಂದದ್ದು. ಇಲ್ಲಿ ಆರನೆಯದು ಬರ್ತದಂತೆ ಹೌದಾ?”

“ಬರ್ತದೆ ಹಾಜಬ್ಬರೇ. ಈ ವರ್ಷ ಅರ್ಜಿ ಹಾಕ್ತೇನೆ. ಜೂನಿಗೆ ಶುರು.”

“ಬಂದರೆ ನನ್ನ ಮಗಳು ಇಲ್ಲಿಯೇ ಕಲೀಲಿ. ಎಂಟನೆಯದರ ತನಕ ಕಲೀಲಿ. ಅವಳ ಉಮ್ಮನನ್ನು ನಾನು ಒಪ್ಪಿಸ್ತೇನೆ. ಆದರೆ ಆ ಗಂಡುಮಕ್ಕಳ ಶಾಲೆಗೆ ಅಂದರೆ ನನ್ನ ಮಾತು ಮನೆಯಲ್ಲಿ ನಡೀಲಿಕ್ಕಿಲ್ಲ. ಗಟ್ಟಿಯಾ ಟೀಚರೇ?”

“ಗಟ್ಟಿ. ನಾನು ಮಾತು ಕೊಟ್ಟೆ.”

ಮಾತು ಕೊಡುವಾಗ ರಾಜೀವಿಗೆ ಯಾವ ಅಳುಕೂ ಇರಲಿಲ್ಲ. ಅರ್ಜಿಗೆ ಪ್ರತಿವರ್ಷವೂ ಮಾರ್ಚಿ ತಿಂಗಳ ಕೊನೆಯವರೆಗೆ ಅವಧಿ. ಇಪ್ಪತ್ತೈದು ಪೋಷಕರ ರುಜು, ಕಟ್ಟಡದ ನಕ್ಷೆ, ತರಬೇತಾದ ಒಬ್ಬ ಶಿಕ್ಷಕಿಯ ಒಪ್ಪಿಗೆ. ನಾಲ್ಕು ತಿಂಗಳು ಧಾರಾಳವಾಗಿತ್ತು.

ಇನ್ನು ಮನೆ. ಮನೆ ರಾಜೀವಿಯ ತಾಯಿ ನೀಲಾವತಿಯಮ್ಮನದು. ಅಳಿಯಸಂತಾನದ ಕುಟುಂಬ, ಗದ್ದೆ, ಮನೆ, ಅಕ್ಕಿಯ ಕಣಜದ ಬೀಗದ ಕೈ ಎಲ್ಲವೂ ತಾಯಿಯಿಂದ ಮಗಳಿಗೆ ಬರುವ ಕ್ರಮ. ರಾಜೀವಿಯ ಗಂಡ ನಿತ್ಯಾನಂದ ಮಾಸ್ಟ್ರು ವಾಮದಪದವಿನ ಶಾಲೆಯ ಹೆಡ್‌ಮಾಸ್ಟ್ರು. ಹೆಂಡತಿಯ ಮನೆಯಲ್ಲಿದ್ದುಕೊಂಡು ದಿನಾ ಬೆಳಿಗ್ಗೆಯ ಬಸ್ಸಿನಲ್ಲಿ ಶಾಲೆಗೆ ಹೋಗಿಬರುತ್ತಿದ್ದರು. ಒಳ್ಳೆಯ ಮನುಷ್ಯ. ಕುಡಿತವಿಲ್ಲ, ಕೈಯೆತ್ತಿದವರಲ್ಲ, ಶನಿವಾರ ಬರುವಾಗ ಮಲ್ಲಿಗೆಯ ಚೆಂಡು ತಾರದೆ ಇದ್ದವರಲ್ಲ. ಹೀಗಿದ್ದರೂ ಹೇಳುತ್ತೇನೆ: ಗದ್ದೆಯ ಪಟ್ಟೆಪತ್ರ ಹೆಂಗಸಿನ ಹೆಸರಿನಲ್ಲಿದ್ದ ಆ ಮನೆಗೂ ಹೊರಗಿನ ಸುದ್ದಿ ಗಂಡಸಿನ ಜೇಬಿನಲ್ಲಿಯೇ ಬರಬೇಕಾಗಿತ್ತು. ಜೇಬಿನಿಂದ ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬುದು ಆತನ ಇಷ್ಟ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕಡೆಯ ಶಾಲೆಗಳ ಮುಖ್ಯಸ್ಥರಿಗೆ ತಿಂಗಳ ಎರಡನೆಯ ಶನಿವಾರ ಒಂದು ಕೂಟವಿತ್ತು. ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ. ಹದಿನೆಂಟು ಮಂದಿಯಲ್ಲಿ ಹೆಂಗಸರು ಇಬ್ಬರೇ: ರಾಜೀವಿ, ಮತ್ತು ಮೂಡುಬಿದಿರೆಯ ಹೆಣ್ಣುಮಕ್ಕಳ ಶಾಲೆಯ ಶಶಿಪ್ರಭಾ. ಕೂಟದಲ್ಲಿ ಮಾದರಿ ಪಾಠ, ಒಂದು ಪ್ರಬಂಧ, ವಂದನಾರ್ಪಣೆ. ಎಲ್ಲ ಮುಗಿದ ಮೇಲೆ ಇನ್ಸ್‌ಪೆಕ್ಟರರನ್ನು ನಡುವಿನಲ್ಲಿಟ್ಟುಕೊಂಡು ಹದಿನಾರು ಮಂದಿ ಗಂಡಸರು ಹೊಟೇಲಿಗೆ ನಡೆಯುವರು. ಬಂಟ್ವಾಳದಲ್ಲಾದರೆ ಸುಬ್ಬಯ್ಯನ ಹೊಟೇಲು. ಗೋಳಿಬಜೆ, ಚಾ, ಮತ್ತೊಂದು ಚಾ. ನಿಜವಾದ ಕೂಟ ನಡೆಯುತ್ತಿದ್ದದ್ದು ಅಲ್ಲಿ. ಅದಕ್ಕೆ ನಡಾವಳಿ ಪುಸ್ತಕವಿಲ್ಲ, ರುಜುವಿಲ್ಲ.

ಹೆಂಗಸರಿಬ್ಬರೂ ಆ ಹೊತ್ತಿಗೆ ಏನು ಮಾಡುತ್ತಿದ್ದರು? ದಶಂಬರದ ಕೂಟ ಬಂಟ್ವಾಳದಲ್ಲಿಯೇ ಆದುದರಿಂದ ಶಶಿಪ್ರಭಾ ರಾಜೀವಿಯ ಮನೆಗೆ ಬಂದಿದ್ದಳು. ನೀಲಾವತಿಯಮ್ಮ ಜೈನರವಳಾದ ಆಕೆಗೆಂದೇ ಬೇರೆ ಪಾತ್ರೆಯಲ್ಲಿ, ಈರುಳ್ಳಿ ಬೆಳ್ಳುಳ್ಳಿ ಸೋಕಿಸದೆ ಅಕ್ಕಿತರಿಯ ಪುಂಡಿ ಉಂಡೆ ಬೇಯಿಸಿ, ತೆಂಗಿನಕಾಯಿಯ ಚಟ್ನಿ ಅರೆದಿದ್ದರು. ಕಾಂತಿ ಆಕೆಯ ಸೀರೆಯ ಅಂಚನ್ನು ಹಿಡಿದು ಬಣ್ಣ ಎಣಿಸುತ್ತ ಕೂತಿದ್ದಳು.

“ಶಾಲೆ ಹೇಗುಂಟು ಶಶಿಪ್ರಭಾ?” ಎಂದರು ನೀಲಾವತಿಯಮ್ಮ.

“ಅಯ್ಯೋ ಅಮ್ಮ, ಇಲ್ಲಿಗೆ ಬಂದೂ ಶಾಲೆಯದ್ದಾ? ಸ್ನೇಹದ ಬಾಗಿಲಿನ ಹೊರಗೆ ಚಪ್ಪಲಿ ಬಿಟ್ಟ ಹಾಗೆ ಶಾಲೆಯನ್ನೂ ಬಿಟ್ಟು ಬರ್ಬೇಕು. ಆ ಗಂಡಸರ ಹಾಗೆ ಚಾದಲ್ಲಿಯೂ ಕಚೇರಿಯನ್ನೇ ಅದ್ದಿ ತಿನ್ನುವುದು ನಮಗೆ ಬೇಡ.”

ಎಲ್ಲರೂ ನಕ್ಕರು. ಆಮೇಲೆ ಶಶಿಪ್ರಭಾಳ ಅತ್ತಿಗೆಯ ಬಸಿರು, ಮೂಡುಬಿದಿರೆಯ ಬಳೆಗಾರನ ಸುಳ್ಳು, ಕಾಂತಿಯ ಜಡೆಯ ಉದ್ದ. ಎಷ್ಟು ಸುಖವಾದ ಹೊತ್ತು ಅದು! ಕಿಟಕಿಯಿಂದ ನದಿಯ ಬೆಳಕು ಬಂದು ಮಾಡಿನ ಹೆಂಚಿನ ಒಳಮೈಯಲ್ಲಿ ಅಲುಗುತ್ತಿತ್ತು. ಅದೇ ಹೊತ್ತಿಗೆ, ಕೂಗಳತೆಯ ದೂರದಲ್ಲಿ, ಸುಬ್ಬಯ್ಯನ ಹೊಟೇಲಿನ ಮೇಜಿನ ಮೇಲೆ ರಾಜೀವಿಯ ಶಾಲೆಯ ಹನ್ನೊಂದು ಮಕ್ಕಳ ಹಣೆಬರಹ ಬರೆಯಲಾಗುತ್ತಿತ್ತು.

ಜನವರಿಯ ಮೊದಲ ಭಾನುವಾರ ನಿತ್ಯಾನಂದ ಮಾಸ್ಟ್ರು ಕಾಗದದ ಕಟ್ಟೊಂದನ್ನು ತಂದು ಹೆಂಡತಿಯ ಮುಂದಿಟ್ಟರು. ವಾಮದಪದವಿನ ಶಾಲೆಗೆ ಆರನೆಯ ತರಗತಿ ಕೊಡಬೇಕೆಂಬ ಅರ್ಜಿ.

“ರಾಜೀವಿ, ಇದನ್ನು ಒಮ್ಮೆ ಚಂದದಲ್ಲಿ ಬರೆದು ಕೊಡು ಮಾರಾಯ್ತಿ. ನನ್ನ ಅಕ್ಷರ ಕಂಡರೆ ಇನ್ಸ್‌ಪೆಕ್ಟರರಿಗೆ ತಲೆನೋವು ಬರ್ತದೆ.”

“ಇಷ್ಟು ಬೇಗವಾ? ಮಾರ್ಚಿ ತನಕ ಸಮಯ ಉಂಟಲ್ಲ.”

ಮಾಸ್ಟ್ರು ಲೋಟದಲ್ಲಿದ್ದ ನೀರನ್ನು ಪೂರ್ತಿ ಕುಡಿದು, ಲೋಟವನ್ನು ಮಗುಚಿಟ್ಟರು. “ಕೆಲಸ ಮುಗಿಸಿಬಿಡುವ ಅಂತ.”

ರಾಜೀವಿಯ ಅಕ್ಷರ ಜಿಲ್ಲೆಯಲ್ಲೇ ಹೆಸರಾದದ್ದು. ನಾಲ್ಕು ಹಾಳೆಗಳನ್ನು ಒಂದು ಮಸಿಯ ಚುಕ್ಕೆಯೂ ಬೀಳದಂತೆ ಬರೆದಳು. ಎರಡು ಕಡೆ ಗಂಡನ ವಾಕ್ಯವನ್ನು ತಿದ್ದಿ ಬಲವಾಗಿಸಿದಳು. ಪೋಷಕರ ರುಜುವಿಗೆ ಅಂಕಣ ಹಾಕಿಕೊಟ್ಟಳು. “ನನ್ನದಕ್ಕೂ ಇದೇ ಮಾದರಿ ಆಯಿತು” ಎಂದು ಸಂತೋಷಪಟ್ಟಳು. ಮಾಸ್ಟ್ರು ಹಾಳೆಗಳನ್ನು ಮಡಚಿ ಜೇಬಿಗೆ ಸೇರಿಸಿದರು.

ಫೆಬ್ರವರಿಯ ಕೂಟ ಮೂಡುಬಿದಿರೆಯಲ್ಲಿ, ಶಶಿಪ್ರಭಾಳ ಶಾಲೆಯಲ್ಲಿಯೇ. ಸಭೆ ಮುಗಿದು ಗಂಡಸರು ಹೊಟೇಲಿಗೆ ಹೊರಟರು. ಜಗಲಿಯ ಕಲ್ಲಿನ ಮೇಲೆ ಇಬ್ಬರು ಗೆಳತಿಯರೂ ಕೂತು ಬಾಳೆಹಣ್ಣು ಸುಲಿದರು. ರಾಜೀವಿ ಸುಮ್ಮನೆ, ನಗುತ್ತ ಹೇಳಿದಳು:

“ಇವತ್ತು ಮಾತ್ರ ನಿಮ್ಮ ನಿಯಮ ಮುರೀತೇನೆ. ನಾಳೆಯಿಂದ ನನ್ನ ಅರ್ಜಿಯ ಕೆಲಸ ಶುರು. ನಕ್ಷೆ ಬರೆಯುವವರು ಇಲ್ಲಿ ಯಾರಾದರೂ ಇದ್ದಾರಾ?”

ಶಶಿಪ್ರಭಾಳ ಕೈಯಲ್ಲಿದ್ದ ಹಣ್ಣು ಅಲ್ಲಿಯೇ ನಿಂತಿತು.

“ಯಾವ ಅರ್ಜಿ? ಆರನೆಯ ತರಗತಿಯದ್ದಾ? ಅದರ ತಾರೀಕು ಜನವರಿ ಮೂವತ್ತೊಂದಕ್ಕೇ ಮುಗಿಯಿತಲ್ಲ ರಾಜೀವಿ ಟೀಚರೇ!”

“ಯಾರು ಹೇಳಿದ್ದು?”

“ದಶಂಬರದಲ್ಲಿ ಇನ್ಸ್‌ಪೆಕ್ಟರರೇ ಹೇಳಿದ್ದಂತೆ, ನಿಮ್ಮ ಸುಬ್ಬಯ್ಯನ ಹೊಟೇಲಿನಲ್ಲಿ. ಈ ಸಲ ಬೇಗ ಕಳಿಸಿ, ಸುತ್ತೋಲೆ ಬರುವಾಗ ತಡ ಆದೀತು, ಮೂರು ಶಾಲೆಗೆ ಮಾತ್ರ ಸಿಗುವುದು ಅಂತ. ನಮ್ಮ ಶಾಲೆಯ ಮೆನೇಜರು ಇನ್ಸ್‌ಪೆಕ್ಟರರಿಗೆ ಬೇಕಾದವರು, ಅವರು ನನಗೆ ಹೇಳಿದರು. ನಾವು ಕಳಿಸಿಯಾಯಿತು.” ಹಣ್ಣನ್ನು ಕಲ್ಲಿನ ಮೇಲಿಟ್ಟು, “ನೀವು ಕಳಿಸಿಯೇ ಇರ್ತೀರಿ ಅಂದುಕೊಂಡೆ. ನಿಮ್ಮ ಯಜಮಾನರು ಆ ಮೇಜಿನಲ್ಲಿಯೇ ಇದ್ದವರಲ್ಲವಾ?” ಎಂದಳು.

ರಾಜೀವಿಗೆ ನಾಲ್ಕು ಹಾಳೆಗಳು ಕಣ್ಣ ಮುಂದೆ ಬಂದವು. ಮಗುಚಿಟ್ಟ ಲೋಟ ಬಂತು.

“ಕಳೆದ ತಿಂಗಳು ಬೆಳ್ತಂಗಡಿಯಲ್ಲಿ ನಾವಿಬ್ಬರೂ ಎರಡು ಗಂಟೆ ಬಸ್ಸಿಗೆ ಕಾದೆವು ಶಶಿಪ್ರಭಾ. ಆಗ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಎರಡು ಗಂಟೆ ನಾವು ಏನು ಮಾತಾಡಿದೆವು?”

ಶಶಿಪ್ರಭಾ ತಲೆ ತಗ್ಗಿಸಿದಳು. “ನನ್ನ ಅತ್ತಿಗೆಯ ಬಾಣಂತನ.”

ಮೂಡುಬಿದಿರೆಯಿಂದ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ರಾಜೀವಿ, ಹಿಂದಿನ ಸೀಟುಗಳಲ್ಲಿ ಮಾಸ್ಟ್ರುಗಳ ನಗು. ಆ ನಗುವಿನಲ್ಲಿ ಗಂಡನ ಸ್ವರವನ್ನು ಬೇರೆಮಾಡಿ ಕೇಳುತ್ತ ಅವಳು ಊರು ಮುಟ್ಟಿದಳು.

ಆ ಸಂಜೆ ನೀಲಾವತಿಯಮ್ಮ ಗಂಜಿ, ಹುರುಳಿಯ ಚಟ್ನಿ, ಸುಟ್ಟ ಒಣಮೀನು ಬಡಿಸಿದ್ದರು. ನಾಲ್ವರೂ ಕೂತರು. ಮಾಸ್ಟ್ರು ಮೊದಲ ತುತ್ತಿಗೆ ಕೈಹಾಕುವಾಗ ರಾಜೀವಿ ಕೇಳಿದಳು.

“ಅರ್ಜಿಯ ತಾರೀಕು ಹಿಂದೆ ಬಂದದ್ದು ನಿಮಗೆ ದಶಂಬರದಲ್ಲಿಯೇ ಗೊತ್ತಿತ್ತಾ?”

ಮಾಸ್ಟ್ರು ತುತ್ತನ್ನು ಬಟ್ಟಲಿಗೆ ಇಳಿಸಿದರು. “ಗೊತ್ತಿತ್ತು.”

“ನನ್ನ ಕೈಯಲ್ಲಿಯೇ ನಿಮ್ಮ ಅರ್ಜಿ ಬರೆಸಿದಿರಿ.”

“ಮೂರೇ ಶಾಲೆಗೆ ಅಂದರು ರಾಜೀವಿ. ಮೇಜಿನಲ್ಲಿ ಇದ್ದವರೆಲ್ಲ ಮಾತು ಮಾಡಿಕೊಂಡೆವು, ಹೊರಗೆ ಬಿಡುವುದು ಬೇಡ ಅಂತ. ಆ ಬೆಳ್ತಂಗಡಿಯ ಚಿನ್ನಯ್ಯ ಮಾಸ್ಟ್ರು ಹೇಳಿದ್ದು, ಕೂತವರ ಮಾತು ಕೂತಲ್ಲಿಗೇ ಅಂತ. ನಾನೂ ಹ್ಞೂ ಅಂದೆ. ಹ್ಞೂ ಅಂದ ಮೇಲೆ…”

“ನಾನು ಹೊರಗಿನವಳಾ?”

“ಹಾಗಲ್ಲ. ಮನೆಗೆ ಬಂದು ಹೆಂಡತಿಯ ಹತ್ತಿರ ಹೇಳಿದೆ ಅಂತ ಗೊತ್ತಾದರೆ ನಾಳೆ ಆ ಮೇಜಿನಲ್ಲಿ ನನಗೆ ಜಾಗ ಉಂಟಾ? ನಿನಗೆ ಅದೆಲ್ಲ ಅರ್ಥ ಆಗುವುದಿಲ್ಲ. ಗಂಡಸರ ಮಧ್ಯೆ ಒಂದು ನಂಬಿಕೆ ಅಂತ ಉಂಟು.”

“ಮತ್ತೆ ನಾನು ಹಾಜಬ್ಬರಿಗೆ ಕೊಟ್ಟ ಮಾತು? ಅದು ಹೆಂಗಸಿನ ಮಾತು ಅಂತ ಗಂಜಿಯ ತಿಳಿಗೆ ಸಮವಾ?”

ಕಾಂತಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. “ಅಪ್ಪಾ, ಜುಲೈಕಾ ಶಾಲೆ ಬಿಡ್ತಾಳಾ?”

“ನೀನು ಊಟ ಮಾಡು.”

“ನಾನು ಕೇಳಿದ್ದು ಅದಲ್ಲ.”

ನೀಲಾವತಿಯಮ್ಮ ಅಳಿಯನ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಬಡಿಸಿ, ಶಾಂತವಾಗಿ, “ಉಣ್ಣಿ ಮಾಸ್ಟ್ರೇ. ಕೂತವರ ಮಾತು ಕೂತಲ್ಲಿಗೇ. ಒಳ್ಳೆಯ ಮಾತು. ನಾನೂ ನೆನಪಿಟ್ಟುಕೊಳ್ತೇನೆ” ಎಂದರು.

ನಾಲ್ಕು ದಿನ ಕಳೆದು ಸುತ್ತೋಲೆ ಅಂಚೆಯಲ್ಲಿ ಬಂತು. ಮುಗಿದುಹೋದ ತಾರೀಕನ್ನು ಹೊತ್ತುಕೊಂಡು ಬಂತು. ರಾಜೀವಿ ಆದರೂ ಅರ್ಜಿ ಬರೆದಳು. ಮನೆಮನೆಗೆ ನಡೆದು ಮೂವತ್ತೊಂದು ರುಜು ಸೇರಿಸಿದಳು. ವಿಳಂಬಕ್ಕೆ ಕಾರಣ ಎಂಬ ಅಂಕಣದಲ್ಲಿ ಏನು ಬರೆಯುವುದೆಂದು ಒಂದು ಇಡೀ ಸಂಜೆ ಯೋಚಿಸಿದಳು. ‘ನನಗೆ ಯಾರೂ ಹೇಳಲಿಲ್ಲ’ ಎಂದು ಬರೆಯಲು ಬರುತ್ತದೆಯೇ? ‘ಸುತ್ತೋಲೆ ತಡವಾಗಿ ತಲುಪಿದ್ದರಿಂದ’ ಎಂದಷ್ಟೇ ಬರೆದಳು. ಎರಡೇ ಸಾಲಿನ ಉತ್ತರ ಬಂತು: ಅವಧಿ ಮೀರಿದೆ, ಮುಂದಿನ ವರ್ಷ ಪರಿಶೀಲಿಸಲಾಗುವುದು.

ಹಾಜಬ್ಬನವರ ಅಂಗಡಿಗೆ ಅವಳೇ ಹೋದಳು. ತಪ್ಪನ್ನು ಸುತ್ತೋಲೆಯ ಮೇಲೂ ಗಂಡನ ಮೇಲೂ ಹಾಕಲಿಲ್ಲ. “ನನ್ನ ಮಾತು ತಪ್ಪಿತು ಹಾಜಬ್ಬರೇ” ಎಂದಳು.

ಹಾಜಬ್ಬ ತಕ್ಕಡಿಯನ್ನು ಕೆಳಗಿಟ್ಟರು. “ಒಂದು ವರ್ಷ ಅಂದರೆ ಹೆಣ್ಣುಮಗುವಿಗೆ ಒಂದು ವರ್ಷ ಅಲ್ಲ ಟೀಚರೇ. ಮನೆಯಲ್ಲಿ ಕೂತರೆ ಮತ್ತೆ ಏಳಿಸುವುದು ಕಷ್ಟ.” ಬಯ್ಯಲಿಲ್ಲ. ಕಾಂತಿಗೆಂದು ಒಂದು ಅಚ್ಚು ಬೆಲ್ಲವನ್ನು ಕಾಗದದಲ್ಲಿ ಕಟ್ಟಿಕೊಟ್ಟರು. ಬಯ್ದಿದ್ದರೆ ಎಷ್ಟೋ ಲೇಸಿತ್ತು.

ಈ ನಡುವೆ ಮನೆಯಲ್ಲಿ ನೀಲಾವತಿಯಮ್ಮನ ಆಡಳಿತ ಮೆಲ್ಲನೆ ಬದಲಾಗಿತ್ತು. ಅಳಿಯನಿಗೆ ಊಟದಲ್ಲಿ ಕೊರತೆಯಿಲ್ಲ, ಸ್ನಾನಕ್ಕೆ ಬಿಸಿನೀರಿಗೆ ಕೊರತೆಯಿಲ್ಲ. ಮಾತಿಗೆ ಮಾತ್ರ ಬರಗಾಲ. ಗದ್ದೆಯ ಒಕ್ಕಲು ಬಂದುಹೋದದ್ದು, ಹಸು ಕರು ಹಾಕಿದ್ದು, ಕಾಂತಿಗೆ ಜ್ವರ ಬಂದು ಬಿಟ್ಟದ್ದು, ಯಾವುದೂ ಮಾಸ್ಟ್ರ ಕಿವಿಗೆ ಬೀಳುತ್ತಿರಲಿಲ್ಲ. ಅವರು ಅಡಿಗೆಮನೆಯ ಹೊಸ್ತಿಲಿಗೆ ಬಂದರೆ ಒಳಗಿನ ಮಾತು ನಿಲ್ಲುತ್ತಿತ್ತು.

ಮಾರ್ಚಿಯ ಮೊದಲ ಭಾನುವಾರ ಶಿರ್ತಾಡಿಯಲ್ಲಿ ನೀಲಾವತಿಯಮ್ಮನ ತಂಗಿಯ ಮಗಳಿಗೆ ನಿಶ್ಚಯ. ಬೆಳಿಗ್ಗೆ ಮಾಸ್ಟ್ರು ಪೇಟೆಗೆಂದು ಹೊರಟವರು ಹೊರಟೇ ಹೋದರು. ಅಜ್ಜಿ, ಮಗಳು, ಮೊಮ್ಮಗಳು ಪಟ್ಟೆಸೀರೆ, ಲಂಗ ಉಟ್ಟು ಬಸ್ಸು ಹತ್ತಿದರು.

“ಅವರು ನೇರ ಅಲ್ಲಿಗೇ ಬರ್ತಾರಾ ಅಮ್ಮ? ನೀನು ಹೇಳಿದ್ದೀಯಲ್ಲ?” ಎಂದು ರಾಜೀವಿ ಬಸ್ಸಿನಲ್ಲಿ ಕೇಳಿದಳು.

ನೀಲಾವತಿಯಮ್ಮ ಕಿಟಕಿಯ ಹೊರಗೆ ನೋಡಿದರು. “ಅಡಿಗೆಮನೆಯಲ್ಲಿ ಕೂತವರ ಮಾತು ಅಡಿಗೆಮನೆಗೇ.”

“ಅಮ್ಮಾ!”

“ನೀನು ಸುಮ್ಮನಿರು. ನನ್ನ ಮನೆ, ನನ್ನ ಕ್ರಮ.”

ನಿಶ್ಚಯದ ಚಪ್ಪರದಲ್ಲಿ ಹತ್ತು ಮಂದಿ ಕೇಳಿದರು: ಮಾಸ್ಟ್ರು ಎಲ್ಲಿ? ರಾಜೀವಿ ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದಳು. ಹೊತ್ತು ಇಳಿಯುವ ಮೊದಲು ಮರಳಿದಾಗ ಮಾಸ್ಟ್ರು ಬೀಗ ಹಾಕಿದ ಬಾಗಿಲಿನ ಮುಂದೆ ಮೆಟ್ಟಿಲ ಮೇಲೆ ಕೂತಿದ್ದರು. ಅಂಗಿಯ ಗುಂಡಿ ಬಿಚ್ಚಿತ್ತು. ಮಧ್ಯಾಹ್ನದ ಊಟವಾದಂತೆ ಕಾಣಲಿಲ್ಲ.

“ಸುಬ್ಬಯ್ಯ ಹೇಳಿದ ಮೇಲೆ ನನಗೆ ಗೊತ್ತಾದದ್ದು” ಎಂದರು, ಯಾರನ್ನೂ ನೋಡದೆ. “ಎಲ್ಲರೂ ಇದ್ದರು. ‘ಏನು ಮಾಸ್ಟ್ರೇ, ಮನೆಯವರೆಲ್ಲ ನಿಶ್ಚಯಕ್ಕೆ ಹೋದದ್ದು ಕಂಡೆ, ನೀವು ಇಲ್ಲಿ ಗೋಳಿಬಜೆ ತಿಂತಾ ಇದ್ದೀರಲ್ಲ, ಅಳಿಯನಿಗೆ ಕರೆ ಇಲ್ಲವಾ’ ಅಂತ ಕೇಳಿದ. ಎಲ್ಲರೂ ನಕ್ಕರು. ನಾನು ಏನು ಹೇಳಲಿ?”

ನೀಲಾವತಿಯಮ್ಮ ಸೊಂಟದಿಂದ ಬೀಗದ ಕೈ ತೆಗೆದರು. “ಹೇಳದೆ ಉಳಿದರೆ ಹೇಗಾಗ್ತದೆ ಅಂತ ಗೊತ್ತಾಯಿತಾ ಮಾಸ್ಟ್ರೇ? ನಿಮ್ಮದು ಒಂದು ಹೊತ್ತಿನ ಊಟ ಹೋಯಿತು. ಆ ಮಗುವಿನದು?”

ಅಳಿಯ ತಲೆಯೆತ್ತಲಿಲ್ಲ. ರಾಜೀವಿ ಒಳಗೆ ಹೋಗಿ, ನಿಶ್ಚಯದ ಮನೆಯವರು ಕಟ್ಟಿಕೊಟ್ಟಿದ್ದ ಹೋಳಿಗೆಯನ್ನು ಬಾಳೆಲೆಯಲ್ಲಿ ಬಿಚ್ಚಿ ಅವರ ಮುಂದಿಟ್ಟಳು. ಅವರು ಒಂದು ತುಂಡು ಮುರಿದು, ಹಾಗೆಯೇ ಹಿಡಿದುಕೊಂಡು, “ತಪ್ಪಾಯಿತು ರಾಜೀವಿ” ಎಂದರು. ಮದುವೆಯಾಗಿ ಹದಿಮೂರು ವರ್ಷದಲ್ಲಿ ಅವಳು ಆ ಮಾತನ್ನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು.

ಮುಂದಿನ ಶನಿವಾರದ ಕೂಟ ಬಂಟ್ವಾಳದಲ್ಲಿ. ವಂದನಾರ್ಪಣೆ ಮುಗಿಯಿತು, ಗಂಡಸರು ಎದ್ದರು. ರಾಜೀವಿ ಶಶಿಪ್ರಭಾಳ ಕೈ ಹಿಡಿದಳು.

“ಹೋಗುವ.”

“ಎಲ್ಲಿಗೆ? ನಿಮ್ಮ ಮನೆಗಾ?”

“ಸುಬ್ಬಯ್ಯನ ಹೊಟೇಲಿಗೆ.”

“ರಾಜೀವಿ ಟೀಚರೇ, ಹೊಟೇಲಿನ ನೀರು ಕೂಡ ನಾನು ಮುಟ್ಟುವವಳಲ್ಲ!”

“ಕುಡಿಯಬೇಡಿ. ಕೂತುಕೊಳ್ಳಿ ಸಾಕು.”

ಇಬ್ಬರು ಟೀಚರುಗಳು ಸೆರಗು ಹೊದ್ದು ಹೊಟೇಲಿನ ಮೆಟ್ಟಿಲು ಹತ್ತಿದಾಗ ಸುಬ್ಬಯ್ಯ ಗಲ್ಲಾಪೆಟ್ಟಿಗೆಯಿಂದ ಎದ್ದುನಿಂತ. ಮೇಜಿನಲ್ಲಿದ್ದವರೂ ಎದ್ದುನಿಂತರು. ಎಂಥ ಗೌರವ! ಇನ್ಸ್‌ಪೆಕ್ಟರರು ತಾವೇ ಬೆಂಚು ಎಳೆದು ಕೊಟ್ಟರು. ಚಿನ್ನಯ್ಯ ಮಾಸ್ಟ್ರು ನಿತ್ಯಾನಂದ ಮಾಸ್ಟ್ರ ಪಕ್ಕೆ ತಿವಿದು, “ಏನು ಮಾರಾಯ್ರೇ, ಮನೆಯ ಹೆಡ್‌ಮಾಸ್ಟ್ರು ತಪಾಸಣೆಗೆ ಬಂದ ಹಾಗುಂಟು” ಎಂದರು. ಆಮೇಲೆ ಅರ್ಧ ಗಂಟೆ ಆ ಮೇಜಿನಲ್ಲಿ ಬಿಸಿಲಿನ ಬಗ್ಗೆ, ಮಾವಿನ ಮಿಡಿಯ ಬಗ್ಗೆ, ಬಸ್ಸಿನ ಟಯರಿನ ಬಗ್ಗೆ ಮಾತು ನಡೆಯಿತು. ಶಾಲೆಯೆಂಬ ಶಬ್ದ ಒಮ್ಮೆಯೂ ಬರಲಿಲ್ಲ. ಮುಂದೆ ಜುಲೈಯಲ್ಲಿ ಬೆಳ್ತಂಗಡಿಯ ಕೂಟವಾದ ಮೇಲೆ ಗಂಡಸರು ಹೊಟೇಲಿಗೆ ಹೋಗದೆ ಚಿನ್ನಯ್ಯ ಮಾಸ್ಟ್ರ ಮನೆಯ ಮಹಡಿಗೆ ನಡೆದರು. ನಾವು ಹೋಗಿ ಕೂತರೆ ಮೇಜೇ ಎದ್ದು ಬೇರೆ ಕಡೆಗೆ ನಡೆಯುತ್ತದೆ ಎಂಬುದನ್ನು ರಾಜೀವಿ ಹಾಗೆ ಕಲಿತಳು.

ಆದರೆ ಅವಳು ಕಲಿತದ್ದು ಅದೊಂದನ್ನೇ ಅಲ್ಲ. ಆ ಮಾರ್ಚಿಯ ಸಂಜೆ ಹೊಟೇಲಿನಿಂದ ಇಳಿದು ಬರುವಾಗ ಶಶಿಪ್ರಭಾ ಅಳುವ ಸ್ವರದಲ್ಲಿ, “ಅವರನ್ನು ದೂರಿ ಏನು ಪ್ರಯೋಜನ? ನಾನು ನಿಮ್ಮ ಗೆಳತಿ. ನನ್ನ ಬಾಯಿಯನ್ನು ಯಾರು ಕಟ್ಟಿದ್ದರು?” ಎಂದಿದ್ದಳು. ಗಂಡಸರು ಗೆಳೆತನದಲ್ಲಿ ಕೆಲಸವನ್ನು ಬೆರೆಸಿ ಇಬ್ಬರಿಗೂ ಲಾಭವಾಗುವಂತೆ ಉಣ್ಣುತ್ತಾರೆ. ನಾವು ಹೆಂಗಸರು ಗೆಳೆತನವನ್ನು ಮಡಿಯಲ್ಲಿಟ್ಟು ಇಬ್ಬರೂ ಉಪವಾಸ ಕೂರುತ್ತೇವೆ. ಈ ಮಡಿಯನ್ನು ನಮಗೆ ಹೊದಿಸಿದವರು ಯಾರೇ ಇರಲಿ, ತೆಗೆದಿಡಬೇಕಾದವರು ನಾವೇ.

ಅಂದೇ ಮನೆಯಲ್ಲಿ ಒಂದು ಕ್ರಮ ಹುಟ್ಟಿತು. ಕೂಟದ ಶನಿವಾರ ಊಟಕ್ಕೆ ಕೂರುವ ಮೊದಲು ನಿತ್ಯಾನಂದ ಮಾಸ್ಟ್ರು, ತಾವೇ ಹೇಳಿದ ಹಾಗೆ, ‘ಜೇಬು ಕೊಡವುವರು’. ಮೇಜಿನಲ್ಲಿ ಏನು ಕೇಳಿದೆ, ಯಾರು ಏನಂದರು, ಯಾವ ಹುದ್ದೆ ಖಾಲಿ, ಯಾವ ತಾರೀಕು ಬದಲು. ಮೊದಲ ಎರಡು ತಿಂಗಳು ನಾಚಿಕೆಯಿಂದ, ಆಮೇಲೆ ಉತ್ಸಾಹದಿಂದ. ಚಿನ್ನಯ್ಯ ಮಾಸ್ಟ್ರು ಮೇಜಿನಲ್ಲಿ ‘ಹೊರಗೆ ಬಿಡುವುದು ಬೇಡ’ ಎಂದರೆ, “ನಾನು ಬಿಡುವವನೇ. ಬೇಡವಾದರೆ ನನ್ನೆದುರು ಹೇಳಬೇಡಿ” ಎನ್ನುವಷ್ಟು ಧೈರ್ಯ ಬರಲು ಒಂದು ವರ್ಷ ಬೇಕಾಯಿತು. ಆ ಮೇಜು ಅವರನ್ನು ಹೊರಹಾಕಲಿಲ್ಲ, ತಮಾಷೆ ಮಾಡಿಕೊಂಡು ಉಳಿಸಿಕೊಂಡಿತು. ಅಷ್ಟಕ್ಕೆ ಹೆದರಿ ಅವರು ಹೆಂಡತಿಯ ಮಾತನ್ನು ಮುರಿಸಿದ್ದರು!

ಕಾಂತಿ ಚಾಪೆಯ ಮೇಲೆ ಮಸಿಕುಡಿಕೆ ಇಟ್ಟುಕೊಂಡು ಕೂರುವಳು. ಅಪ್ಪ ಹೇಳಿದ್ದನ್ನು ಅಮ್ಮ ಒಪ್ಪಮಾಡಿ ಹೇಳಿದಂತೆ ಪೋಸ್ಟ್ ಕಾರ್ಡಿನಲ್ಲಿ ಬರೆಯುವಳು. ಮೊದಲು ಶಶಿಪ್ರಭಾಳಿಗೆ ಒಂದು ಕಾರ್ಡು. ಮರುವರ್ಷ ಬೆಳ್ತಂಗಡಿಯ ಕಡೆಗೆ ಹೊಸದಾಗಿ ಬಂದ ಹೆಡ್‌ಮಿಸ್ಟ್ರೆಸಿಗೂ ಒಂದು. ಅಲ್ಲಿಂದಲೂ ಕಾರ್ಡುಗಳು ಬರುತ್ತಿದ್ದವು.

“ಲಕೋಟೆಯಲ್ಲಿ ಹಾಕಬಾರದಾ? ಕಾರ್ಡನ್ನು ಅಂಚೆಯವನು ಜತ್ತಪ್ಪ ಓದ್ತಾನಲ್ಲ” ಎಂದು ನೀಲಾವತಿಯಮ್ಮ ಒಮ್ಮೆ ಕೇಳಿದರು.

“ಓದಲಿ ಅಮ್ಮ,” ಎಂದಳು ರಾಜೀವಿ. “ಮುಚ್ಚಿಡುವಂಥದ್ದು ಯಾವುದೂ ಇದರಲ್ಲಿಲ್ಲ. ಮುಚ್ಚಿಟ್ಟದ್ದೇ ತಪ್ಪಾದದ್ದು.”

ಆ ಶನಿವಾರಗಳ ಸಂಜೆಗಳನ್ನು ನೆನೆದರೆ ರಾಜೀವಿಗೆ ಈಗಲೂ ಮಸಿಯ ವಾಸನೆ, ಗಂಜಿಯ ಹಬೆ, ‘ಅಪ್ಪಾ ಮೆಲ್ಲ ಹೇಳಿ, ಕಾರ್ಡಿನಲ್ಲಿ ಜಾಗ ಇಲ್ಲ’ ಎಂಬ ಮಗಳ ಸ್ವರ, ಎಲ್ಲವೂ ಒಟ್ಟಿಗೇ ಬರುತ್ತವೆ. ಅಂಥ ನೆಮ್ಮದಿಯ ಹೊತ್ತು ಆ ಮನೆಯಲ್ಲಿ ಮೊದಲೂ ಇರಲಿಲ್ಲ, ಕಾಂತಿ ಮದುವೆಯಾಗಿ ಹೋದ ಮೇಲೆ ಮತ್ತೆ ಬರಲೂ ಇಲ್ಲ.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತೆಂದು ಯಾರೂ ಎದ್ದುಹೋಗಬಾರದು. ಐವತ್ತನಾಲ್ಕರ ಜೂನಿನಲ್ಲಿ ವಾಮದಪದವಿನ ಶಾಲೆಯಲ್ಲಿ ಆರನೆಯ ತರಗತಿ ಶುರುವಾಯಿತು, ರಾಜೀವಿಯ ಅಕ್ಷರದ ಬಲದಿಂದ. ಅವಳ ಹನ್ನೊಂದು ಮಕ್ಕಳಲ್ಲಿ ಮೂವರು ಗಂಡುಮಕ್ಕಳ ಶಾಲೆಗೆ ಹೋದರು, ಕಾಂತಿ ಅವರಲ್ಲೊಬ್ಬಳು. ಎಂಟು ಮಂದಿ ಮನೆಯಲ್ಲಿ ಉಳಿದರು. ಎಲ್ಲ ಜಾತಿಯ, ಎಲ್ಲ ಮತದ ಎಂಟು ಮಂದಿ. ಐವತ್ತೈದರ ಜೂನಿನಲ್ಲಿ ಹೆಣ್ಣುಮಕ್ಕಳ ಶಾಲೆಗೂ ಆರನೆಯ ತರಗತಿ ಬಂತು. ರಾಜೀವಿ ಹಾಜಬ್ಬನವರ ಮನೆಗೆ ಮೂರು ಸಲ ನಡೆದಳು. ಜುಲೈಕಾ ಬಾಗಿಲ ಮರೆಯಿಂದ ನಕ್ಕಳು, ಬರಲಿಲ್ಲ. ಅವಳ ಮದುವೆಯ ಮಾತು ಆಗಲೇ ಪಾಣೆಮಂಗಳೂರಿನ ಕಡೆ ಗಟ್ಟಿಯಾಗಿತ್ತು. ಹಾಜಬ್ಬ ಹೇಳಿದ್ದು ಸರಿಯಾಗಿತ್ತು: ಹೆಣ್ಣುಮಗುವಿಗೆ ಒಂದು ವರ್ಷವೆಂದರೆ ಒಂದು ವರ್ಷವಲ್ಲ.

ಅರವತ್ತಾರನೆಯ ಇಸವಿಯ ಜೂನಿನ ಮೊದಲ ವಾರ. ಹೊರಗೆ ಮಳೆ. ನೆತ್ತಿಯ ಮೇಲೆ ನಾಲ್ಕು ಬಿಳಿಕೂದಲು ಮೂಡಿದ್ದ ರಾಜೀವಿ ಟೀಚರು ಹಾಜರಿ ಪುಸ್ತಕದಲ್ಲಿ ಹೊಸ ಹೆಸರುಗಳನ್ನು ಬರೆಯುತ್ತಿದ್ದರು. ಕೊಡೆ ಮಡಚಿ ಒಬ್ಬ ಹೆಂಗಸು ಜಗಲಿ ಹತ್ತಿದಳು. ತಂದೆಯ ಹಾಗೆಯೇ ನಿಲುವು. ಕೈ ಹಿಡಿದು ಐದು ವರ್ಷದ ಒಂದು ಮಗು.

“ಗುರುತು ಸಿಕ್ಕಿತಾ ಟೀಚರೇ?”

“ಜುಲೈಕಾ!”

“ಇದು ನನ್ನ ಮಗಳು. ಹೆಸರು ಆಸ್ಯಮ್ಮ. ಬರೆದುಕೊಳ್ಳಿ.” ಅವಳು ಮಗುವನ್ನು ಮೆಲ್ಲನೆ ಗೋಡೆಯ ಕೆಂಪು ಗೆರೆಯ ಬಳಿ ಕರೆದೊಯ್ದು ನಿಲ್ಲಿಸಿದಳು. ಗೆರೆಗೆ ಇನ್ನೂ ಎರಡು ಗೇಣು ಬಾಕಿಯಿತ್ತು. ಜುಲೈಕಾ ಮನಸ್ಸಿನಲ್ಲಿಯೇ ಏನೋ ಲೆಕ್ಕ ಹಾಕಿದಳು. ಈಗಲೂ ಅವಳಿಗೆ ಸೀಮೆಸುಣ್ಣ ಬೇಕಾಗಲಿಲ್ಲ.

“ಎಪ್ಪತ್ತೊಂದಕ್ಕೆ ಇದು ಗೆರೆ ದಾಟ್ತದೆ ಟೀಚರೇ. ಆಗ ಆರನೆಯದು ಇರ್ತದಲ್ಲ? ಯಾವುದಾದರೂ ತಾರೀಕು, ಅರ್ಜಿ ಅಂತ ಇದ್ದರೆ ನನಗೆ ಈಗಲೇ ಹೇಳಿ. ನನಗೆ ಓದಲಿಕ್ಕೆ ಬರ್ತದೆ. ಒಂದು ಕಾರ್ಡು ಹಾಕಿದರೂ ಸಾಕು.”

ರಾಜೀವಿ ಟೀಚರು ಮೇಜಿನ ಖಾನೆಯಿಂದ ಒಂದು ಪೋಸ್ಟ್ ಕಾರ್ಡು ತೆಗೆದು, ಪಾಣೆಮಂಗಳೂರಿನ ವಿಳಾಸವನ್ನು ಕೇಳಿ, ಜಿಲ್ಲೆಯಲ್ಲೇ ಹೆಸರಾದ ಆ ಅಕ್ಷರದಲ್ಲಿ ಬರೆದಿಟ್ಟುಕೊಂಡರು.

ಓದುಗರೇ, ನಿಮ್ಮ ಕಚೇರಿಯಲ್ಲಿ, ಶಾಲೆಯಲ್ಲಿ, ಸೊಸೈಟಿಯಲ್ಲಿ ನಿಮ್ಮ ಸರಿಸಮದ ಕುರ್ಚಿಯಲ್ಲಿ ಕೂತು ದುಡಿಯುವ ಹೆಣ್ಣುಮಗಳೊಬ್ಬಳು ಇದ್ದೇ ಇರುತ್ತಾಳೆ. ಇಂದು ಸಂಜೆ ನೀವು ಚಾ ಕುಡಿಯಲು ಎದ್ದಾಗ ಅವಳು ಬಸ್ಸಿನ ಹೊತ್ತು ನೋಡಿಕೊಂಡು ಮನೆಗೆ ಓಡುತ್ತಾಳೆ. ಆ ಮೇಜಿನಲ್ಲಿ ಕೇಳಿದ್ದನ್ನು ನಾಳೆ ಬೆಳಿಗ್ಗೆ, ನಿಮ್ಮ ಕೊಡೆಯನ್ನು ಮೊಳೆಗೆ ನೇತುಹಾಕುವ ಮೊದಲು, ಹೋಗಿ ಅವಳಿಗೆ ಹೇಳಿ. ನೀವೇ ಆ ಹೆಣ್ಣುಮಗಳಾಗಿದ್ದರೆ, ಬಲ್ಲದ್ದನ್ನು ಪಕ್ಕದ ಊರಿನವಳಿಗೆ ಬರೆಯಿರಿ. ಕಾರ್ಡು ಹಳೆಯದಾದರೂ ಆದೀತು. ತಾರೀಕು ಮುಗಿಯುವ ಮೊದಲು ಅಂಚೆಗೆ ಹಾಕಿ.